ಕ್ಯಾನಿನ ಮೇಲಿನ ಬರಹ

ಅಡಿಕೆ ಕೊಯ್ಲಿಗೆ ಮುಂಚೆ ತೋಟದ ಹುಲ್ಲು ಹೊಡೆಯಲೇಬೇಕು. ಇಲ್ಲದಿದ್ದರೆ ಉದುರಿದ ಕಾಯಿ ಕಣ್ಣಿಗೇ ಬೀಳುವುದಿಲ್ಲ. ಮೊನ್ನೆ ಅಟ್ಟದಿಂದ ಹುಲ್ಲು ಹೊಡೆಯುವ ಮೆಷಿನ್ ಇಳಿಸಿ ಹಗ್ಗ ಎಳೆದೆ. ಎಳೆದು ಎಳೆದು ರಟ್ಟೆ ಸೋತಿತು, ಮೆಷಿನ್ ಮಾತ್ರ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮುಚ್ಚಳ ತೆಗೆದು ಮೂಸಿದರೆ ಪೆಟ್ರೋಲಿನ ಘಾಟಿಲ್ಲ, ಹಳೇ ವಾರ್ನಿಷಿನ ವಾಸನೆ. ಹೋದ ವರ್ಷ ಕೆಲಸ ಮುಗಿದ ದಿನ ಅರ್ಧ ಟ್ಯಾಂಕ್ ಹಾಗೇ ಬಿಟ್ಟಿದ್ದೆ. ತೆಗೆಯಲು ಐದು ನಿಮಿಷ ಸಾಕಿತ್ತು.

ಅದನ್ನು ಗಾಜಿನ ಬಾಟಲಿಗೆ ಬಸಿದು ಬೆಳಕಿಗೆ ಹಿಡಿದೆ. ಮೇಲೆ ಎಣ್ಣೆಯ ಬಣ್ಣ, ತಳದಲ್ಲಿ ಬೆರಳಗಲ ಬಿಳಿಚಿದ ಬೇರೊಂದು ಪದರ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ನೀರಿನ ಜೊತೆ ತಳಕ್ಕಿಳಿಯುತ್ತದೆ. ನಮ್ಮ ಮಳೆಗಾಲದ ಅಟ್ಟದಲ್ಲಿ ತೇವಕ್ಕೆ ಬರವೇ? ಇನ್ನು ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಅದರ ರಂಧ್ರವೋ ಕೂದಲೆಳೆಯಷ್ಟು. ಕಟ್ಟಿಕೊಳ್ಳಲು ತೆಳು ಪದರ ಸಾಕು. ಬಸಿದದ್ದನ್ನು ಕಾಲುವೆಗೆ ಚೆಲ್ಲಲಿಲ್ಲ. ಮೆಷಿನ್ ರಿಪೇರಿಗೆ ಒಯ್ದಾಗ ಮೆಕ್ಯಾನಿಕ್ ಅದನ್ನು ಬಿಡಿಭಾಗ ತೊಳೆಯಲು ಬೇಕೆಂದು ಇಟ್ಟುಕೊಂಡರು. ಮುಂದಿನ ಸಲ ಟ್ಯಾಂಕ್ ಬಸಿದು, ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿಯೇ ಎತ್ತಿಡಿ ಎಂದರು.

ಅವರ ಅಂಗಡಿಯಲ್ಲಿ ಕೂತಿದ್ದಾಗ ಇನ್ನೊಂದು ವರ್ಷದ ನೆನಪು ಬಂತು. ಆ ಸಲ ಎಂಜಿನ್ ಸೀಜ್ ಆಗಿತ್ತು. ಇಂಥ ಟೂ ಸ್ಟ್ರೋಕ್ ಮೆಷಿನ್‌ಗೆ ಎಣ್ಣೆಗೆಂದು ಬೇರೆ ಜಾಗವಿಲ್ಲ, ಪೆಟ್ರೋಲಿಗೇ ಬೆರೆಸಬೇಕು. ನಮ್ಮದಕ್ಕೆ 1 ಲೀಟರಿಗೆ 20 ಮಿ.ಲೀ., ಕೆಲವಕ್ಕೆ 40. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಹೆಚ್ಚಾದರೆ ಹೊಗೆ, ಕಪ್ಪಾಗಿ ಒದ್ದೆಯಾದ ಪ್ಲಗ್. ಎಣ್ಣೆಯೇ ಇಲ್ಲದಿದ್ದರೆ ಪಿಸ್ಟನ್ ಗೀರಿ, ಕಾದು, ಕಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಬಂದ ಹುಡುಗ ಬೈಕಿಗೆಂದು ತಂದಿಟ್ಟ ಬರೀ ಪೆಟ್ರೋಲ್ ಹೊಯ್ದಿದ್ದ. ಅದು ಮತ್ತು ಎಣ್ಣೆ ಬೆರೆಸಿದ್ದು, ಎರಡೂ ಒಂದೇ ಥರದ ಬಿಳಿ ಕ್ಯಾನುಗಳಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ನಾನು ಅವನ ಮೇಲೆ ರೇಗಿದೆ. ಅವನು ತಲೆ ತಗ್ಗಿಸಿ ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಯಾವ ಕ್ಯಾನಿನಲ್ಲಿ ಏನಿದೆಯೆಂದು ಗೊತ್ತಿದ್ದದ್ದು ನನಗೊಬ್ಬನಿಗೆ. ನಮ್ಮ ಮನೆಗಳಲ್ಲಿ ಇಂಥ ಎಷ್ಟೋ ಸಂಗತಿಗಳು ಯಜಮಾನರ ತಲೆಯಲ್ಲೇ ಇರುತ್ತವೆ. ಕೈ ಹಾಕಿ ದುಡಿಯುವವರಿಗೆ ಅವು ತಲುಪುವುದು ತಪ್ಪಾದ ಮೇಲೆ, ಬೈಗುಳದ ರೂಪದಲ್ಲಿ. ಉಪೇಕ್ಷೆ ನನ್ನದು, ಪೆಟ್ಟು ಅವನಿಗೆ. ಈ ಸಲ ಅವನನ್ನು ಕರೆದು ಆ ಮಾತನ್ನು ಹೇಳಿದೆ. ಆಮೇಲೆ ಇಬ್ಬರೂ ಕೂತು ಒಂದು ಕ್ಯಾನಿನ ಮೇಲೆ ಕೆಂಪು ಪೇಂಟಿನಲ್ಲಿ ಬರೆದೆವು: ‘ಎಣ್ಣೆ ಬೆರೆಸಿದ್ದು, ಲೀಟರಿಗೆ 20’. ಕೆಳಗೆ ಬೆರೆಸಿದ ತಾರೀಕನ್ನೂ ಹಾಕೋಣ ಎಂದದ್ದು ಅವನೇ.