ಈ ವಸಂತ ಯಾವ ಸಾಲಿಗೆ ಸೇರಿದ್ದು?

ತರಕಾರಿ ಸಸಿ ಯಾವಾಗ ನೆಡಬೇಕು ಎಂಬುದು ಯೋಚಿಸಬೇಕಾದ ವಿಷಯವೇ ಅಲ್ಲ, ಅದಕ್ಕೊಂದು ಪಟ್ಟಿ ಇದೆ, ನೋಡಿಕೊಂಡರೆ ಮುಗಿಯಿತು ಎನ್ನುವವರಿದ್ದಾರೆ. ಆಗ್ನೇಯ ಮಿಶಿಗನ್‌ನಲ್ಲಿ ನಾನು ಮಡಿ ಮಾಡಿಕೊಂಡಿರುವ ಸಮುದಾಯ ತೋಟದಲ್ಲಿ ಪಕ್ಕದ ಮಡಿಯ ಹಿರಿಯರು ಅಂಥವರಲ್ಲಿ ಮೊದಲಿಗರು. ವಿಮೆಯ ಲೆಕ್ಕಾಚಾರದಲ್ಲೇ ಜೀವಮಾನ ಕಳೆದು ನಿವೃತ್ತರಾದವರು. ಈ ಸಲ ಏಪ್ರಿಲ್ ಮುಗಿಯುತ್ತ ಬಂದರೂ ಮಣ್ಣು ಕೈಗೆ ಕೊರೆಯುತ್ತಿತ್ತು. ವಸಂತ ತಡವಾಗಿದೆ, ನಾವೂ ತಡಮಾಡಬೇಕಲ್ಲವೇ ಎಂದೆ. ಚಳಿ ನಿಮ್ಮ ಮೈಗೆ ಆಗುತ್ತಿದೆ, ಪಟ್ಟಿ ಬದಲಾಗಿಲ್ಲ ಎಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅದು ತಪ್ಪು ಎಂದು ತೋರಿಸಬೇಕೆಂದೇ ಈ ಬರಹ ಹಿಡಿದೆ.

ಹಳೆಯ ರೂಢಿಗಳ ಜೊತೆ ನನಗೆ ಜಗಳವಿಲ್ಲ, ಆಸಕ್ತಿಯೂ ಇಲ್ಲ. ಮೇ ತಿಂಗಳ ಎರಡನೇ ಭಾನುವಾರದ ತಾಯಂದಿರ ದಿನ ಕಳೆಯುವವರೆಗೆ ಟೊಮೆಟೊ ಮುಟ್ಟಬೇಡಿ ಎನ್ನುತ್ತಾರೆ ಇಲ್ಲಿನವರು. ಮಧ್ಯ ಯೂರೋಪಿನವರು ಮೇ 11ರಿಂದ 15ರವರೆಗಿನ 'ಹಿಮ ಸಂತರ' ದಿನಗಳನ್ನು ದಾಟಿಸಿ ನೆಡುತ್ತಾರೆ. ಓಕ್ ಮರದ ಎಲೆ ಅಳಿಲಿನ ಕಿವಿಯಷ್ಟಾದಾಗ ಜೋಳ ಬಿತ್ತು ಎಂಬುದು ಇನ್ನೊಂದು. ಇರಲಿ. ಪಟ್ಟಿಯ ವಾದ ಇವೆಲ್ಲಕ್ಕಿಂತ ಗಟ್ಟಿ, ಆದ್ದರಿಂದ ಅದನ್ನೇ ಎದುರಿಸಬೇಕು.

ಆ ಪಟ್ಟಿ ಪ್ರಾಮಾಣಿಕವಾದದ್ದು. 1991ರಿಂದ 2020ರವರೆಗಿನ ಮೂವತ್ತು ವರ್ಷಗಳಲ್ಲಿ ಒಂದೊಂದು ಹವಾಮಾನ ಕೇಂದ್ರದಲ್ಲಿ ವಸಂತದ ಕೊನೆಯ ಫ್ರಾಸ್ಟ್, ಅಂದರೆ ತಾಪಮಾನ ಸೊನ್ನೆಗಿಳಿದು ಎಳೆ ಗಿಡವನ್ನು ಸುಟ್ಟುಹಾಕುವ ಆ ಕೊನೆಯ ರಾತ್ರಿ, ಯಾವಾಗ ಬಂತು ಎಂದು ಲೆಕ್ಕಹಾಕಿ, ಇಂಥ ತಾರೀಖಿನ ಆಚೆಗೆ ಅದು ಬರುವ ಸಾಧ್ಯತೆ ನೂರಕ್ಕೆ ಐವತ್ತು, ಇಂಥ ತಾರೀಖಿನ ಆಚೆಗೆ ನೂರಕ್ಕೆ ಹತ್ತು ಎಂದು ಬರೆದಿರುತ್ತಾರೆ. 'ಕೊನೆಯ' ಫ್ರಾಸ್ಟ್ ಯಾವುದೆಂದು ಬೇಸಿಗೆ ಬಂದಮೇಲಷ್ಟೇ ತಿಳಿಯುತ್ತದೆ, ಆ ರಾತ್ರಿ ಮಲಗಿದವನಿಗೆ ಅದೇ ಕೊನೆಯದೆಂದು ಗೊತ್ತಿರುವುದಿಲ್ಲ. ಹಿರಿಯರು ಇದನ್ನು ಒಪ್ಪುತ್ತಾರೆ. ಆದ್ದರಿಂದಲೇ ನಾನು ಭವಿಷ್ಯ ಹೇಳುವುದಿಲ್ಲ, ಸಂಭವ ಮಾತ್ರ ಹೇಳುತ್ತೇನೆ ಎನ್ನುತ್ತಾರೆ.

ಆದರೆ ಸಂಭವ ಯಾವುದರದ್ದು? ಜಾನ್ ವೆನ್ ಎಂಬ ಇಂಗ್ಲಿಷ್ ತರ್ಕಶಾಸ್ತ್ರಜ್ಞ, ಶಾಲೆಯಲ್ಲಿ ನಾವು ಬರೆದ ವೆನ್ ಚಿತ್ರಗಳ ಆ ವೆನ್, 1866ರಲ್ಲಿ 'ದಿ ಲಾಜಿಕ್ ಆಫ್ ಚಾನ್ಸ್' ಎಂಬ ಪುಸ್ತಕದಲ್ಲಿ ಸಂಭವ ಎನ್ನುವುದು ಘಟನೆಗಳ ದೊಡ್ಡ ಸಾಲಿಗೆ ಸೇರಿದ್ದು, ಒಂಟಿ ಘಟನೆಗಲ್ಲ ಎಂದು ವಾದಿಸಿದ. ಅಲ್ಲೊಂದು ಉದಾಹರಣೆ ಇದೆ. ಮಡೀರಾ ದ್ವೀಪದ ವಾಸ ಹತ್ತರಲ್ಲಿ ಒಂಬತ್ತು ಇಂಗ್ಲಿಷರಿಗೆ ಕೆಡುಕು, ಆದರೆ ಹತ್ತರಲ್ಲಿ ಒಂಬತ್ತು ಕ್ಷಯರೋಗಿಗಳಿಗೆ ಒಳಿತು ಎಂದಿಟ್ಟುಕೊಳ್ಳಿ. ಕ್ಷಯವಿರುವ ಇಂಗ್ಲಿಷನೊಬ್ಬನನ್ನು ಅಲ್ಲಿಗೆ ಕಳಿಸಬೇಕೇ, ಬೇಡವೇ? ಅವನು ಎರಡೂ ಸಾಲುಗಳಲ್ಲಿ ನಿಂತಿದ್ದಾನೆ, ಎರಡು ಸಾಲುಗಳು ಎರಡು ಉತ್ತರ ಕೊಡುತ್ತಿವೆ. ನಮ್ಮ ಈ ವಸಂತವೂ ಹಾಗೆಯೇ. ಅದು ಮೂವತ್ತು ವಸಂತಗಳ ಸಾಲಿನದೂ ಹೌದು, ಏಪ್ರಿಲ್ ಚಳಿಯಲ್ಲೇ ಕಳೆದ ಕೆಲವೇ ವಸಂತಗಳ ಸಾಲಿನದೂ ಹೌದು. ಪಟ್ಟಿ ಮೊದಲನೆಯ ಸಾಲನ್ನು ಆರಿಸಿಕೊಂಡು, ಆರಿಸಿಕೊಂಡೆ ಎಂಬುದನ್ನೇ ಹೇಳದೆ ಬಿಡುತ್ತದೆ.

ಇದಕ್ಕೆ ಹಿರಿಯರು ಕೊಟ್ಟ ಉತ್ತರ ನಾನು ಎಣಿಸಿದ್ದಕ್ಕಿಂತ ಬಲವಾಗಿತ್ತು. ಸಾಲನ್ನು ಸಣ್ಣದು ಮಾಡುತ್ತ ಹೋಗಬಹುದು ಎಂದರು. ಚಳಿಯ ಏಪ್ರಿಲ್, ಚಳಿಯ ಜೊತೆ ಮಳೆಯ ಏಪ್ರಿಲ್, ಬೇಲಿಯ ನೆರಳಿನಲ್ಲಿರುವ ನಿಮ್ಮ ಮಡಿಯ ಏಪ್ರಿಲ್. ಕಡೆಗೆ ಸಾಲಿನಲ್ಲಿ ಒಂದೇ ವಸಂತ ಉಳಿಯುತ್ತದೆ. ಆಗ ನಿಮಗೆ ಎಲ್ಲವೂ ಗೊತ್ತಿರುತ್ತದೆ, ಮುಂದಿನ ವಾರದ್ದೊಂದನ್ನು ಬಿಟ್ಟು. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್‌ನ ಚಳಿ ಮೇ ಕೊನೆಯ ಒಂದು ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲವೆನ್ನುವಷ್ಟು ಕಡಿಮೆ ಹೇಳುತ್ತದೆ, ಸುಮಾರು ಎರಡು ವಾರಗಳಾಚೆಗೆ ಇಂದಿನ ಗಾಳಿಯಿಂದ ಯಾವ ದಿನದ ಹವೆಯನ್ನೂ ಊಹಿಸಲಾಗದು ಎಂದರು. ಇದು ಸರಿ. ಗಾಳಿಗೆ ನೆನಪು ಕಡಿಮೆ. ಈ ಜಾಗವನ್ನು ಅವರಿಗೆ ಬಿಟ್ಟುಕೊಟ್ಟೆ.

ಆದರೆ ಮಣ್ಣಿಗೆ ನೆನಪಿದೆ. ಹಿಂದಿನ ವಾರಗಳ ಚಳಿಯನ್ನೆಲ್ಲ ಅದು ಹಿಡಿದಿಟ್ಟುಕೊಂಡಿರುತ್ತದೆ, ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ನಾನು ಬೆಳಿಗ್ಗೆ ಹೊತ್ತು ನಾಲ್ಕು ಬೆರಳು ಆಳಕ್ಕೆ ಥರ್ಮಾಮೀಟರ್ ಚುಚ್ಚಿ ನೋಡುತ್ತೇನೆ. ಬಟಾಣಿ 5 ಡಿಗ್ರಿ ಸೆಲ್ಸಿಯಸ್‌ಗೇ ನಿಧಾನವಾಗಿ ಮೊಳೆಯುತ್ತದೆ. ಮೆಂತ್ಯ, ಕೊತ್ತಂಬರಿಯೂ ಚಳಿಗೆ ಜಗ್ಗುವುದಿಲ್ಲ, ಅವನ್ನು ಬಟಾಣಿಯ ಜೊತೆಗೇ ಚೆಲ್ಲಿಬಿಡುತ್ತೇನೆ. ಹುರುಳಿಕಾಯಿಯ ಬೀಜ ಹಾಗಲ್ಲ. ತಣ್ಣನೆಯ ನೀರು ಹೀರಿಕೊಂಡರೆ ಬೀಜದೊಳಗಿನ ಜೀವಕೋಶಗಳ ಪೊರೆಗಳೇ ಕೆಡುತ್ತವೆ, ಅದು ಮೊಳೆಯದೆ ಕೊಳೆಯುತ್ತದೆ. ಅದಕ್ಕೆ 15 ಡಿಗ್ರಿಯಾದರೂ ಬೇಕು, ಬೆಂಡೆಗೆ ಇನ್ನೂ ಹೆಚ್ಚು. ಟೊಮೆಟೊ ಸಸಿ ತಣ್ಣನೆಯ ಮಣ್ಣಿನಲ್ಲಿ ಸಾಯದಿದ್ದರೂ ರಂಜಕವನ್ನು ಎಳೆದುಕೊಳ್ಳಲಾಗದೆ ಎಲೆಯ ಅಡಿ ನೇರಳೆಗಟ್ಟಿ ನಿಂತಲ್ಲೇ ನಿಲ್ಲುತ್ತದೆ. ಎಷ್ಟೋ ಸಲ ಎರಡು ವಾರ ತಡವಾಗಿ ನೆಟ್ಟದ್ದು ಅದನ್ನು ಹಿಂದೆ ಹಾಕುತ್ತದೆ. ಪಟ್ಟಿ ಗಾಳಿಯ ಫ್ರಾಸ್ಟ್ ಬಗ್ಗೆ ಮಾತಾಡುತ್ತಿದೆ, ಬೀಜ ಮಣ್ಣಿನ ಬಗ್ಗೆ ಕೇಳುತ್ತಿದೆ. ಬರಲಿರುವ ರಾತ್ರಿಯನ್ನು ಊಹಿಸುವುದಕ್ಕಿಂತ ಎದುರಿಗಿರುವ ಮಣ್ಣನ್ನು ಅಳೆಯುವುದೇ ಸರಿಯಾದ ನಿರ್ಧಾರ ಎಂಬಲ್ಲಿಗೆ ವಾದ ಗೆದ್ದಿತೆಂದುಕೊಂಡಿದ್ದೆ.

ಆಗ ಅವರು 2012 ಎಂದಷ್ಟೇ ಹೇಳಿದರು. ಮಿಶಿಗನ್‌ನಲ್ಲಿ ಹಣ್ಣು ಬೆಳೆಯುವವರಿಗೆ ಅಷ್ಟು ಸಾಕು. ಆ ಮಾರ್ಚ್ ಅಮೆರಿಕದ ದಾಖಲೆಯಲ್ಲಿ ಅಲ್ಲಿಯವರೆಗಿನ ಅತಿ ಬಿಸಿಯಾದ ಮಾರ್ಚ್. ಇಲ್ಲಿ ದಿನಗಟ್ಟಲೆ ಬೇಸಿಗೆಯಂತೆ ಬಿಸಿಲು ಕಾಯಿತು. ಸೇಬು, ಚೆರಿ ಮರಗಳು ವಾರಗಟ್ಟಲೆ ಮೊದಲೇ ಮೊಗ್ಗು ಬಿಚ್ಚಿದವು. ಏಪ್ರಿಲ್‌ನಲ್ಲಿ ಫ್ರಾಸ್ಟ್ ಮೇಲಿಂದ ಮೇಲೆ ಬಂದು ರಾಜ್ಯದ ಸೇಬಿನ, ಹುಳಿ ಚೆರಿಯ ಫಸಲಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋಯಿತು. ಆ ಮರಗಳು ಮಾಡಿದ್ದು ನಾನು ಮಾಡು ಎನ್ನುತ್ತಿರುವುದನ್ನೇ. ಎದುರಿಗಿದ್ದ ಬಿಸಿಯನ್ನು ಅಳೆದು ನಂಬಿದವು. ಪಟ್ಟಿ ಹಿಡಿದವನು ಆ ಮಾರ್ಚಿನಲ್ಲಿ ಕದಲುತ್ತಿರಲಿಲ್ಲ. ಈ ರಾಜ್ಯದ ಹಣ್ಣಿನ ತೋಟಗಳು ಪಶ್ಚಿಮದ ಸರೋವರ ದಂಡೆಯಲ್ಲೇ ಸಾಲುಗಟ್ಟಿರುವುದಕ್ಕೂ ಕಾರಣ ಇದೇ. ಮಿಶಿಗನ್ ಸರೋವರದ ತಣ್ಣನೆಯ ನೀರು ದಂಡೆಯ ವಸಂತವನ್ನು ತಡೆದು ನಿಲ್ಲಿಸುತ್ತದೆ, ಮೊಗ್ಗು ತಡವಾಗಿ ಬಿರಿಯುತ್ತದೆ, ಫ್ರಾಸ್ಟ್‌ನಿಂದ ತಪ್ಪಿಸಿಕೊಳ್ಳುತ್ತದೆ. ಅಂದರೆ ನಾನು ಏಪ್ರಿಲ್ ಪೂರ್ತಿ ದೂರುತ್ತಿದ್ದ ಚಳಿಯ ವಸಂತ ಹಣ್ಣಿನ ಮರಕ್ಕೆ ಕಾವಲು. ಮಣ್ಣಿನ ಥರ್ಮಾಮೀಟರ್ 'ಇನ್ನೂ ಬೇಡ' ಎಂದಾಗ ಅದನ್ನು ನಂಬಬಹುದು. 'ಈಗ ಸರಿ' ಎಂದಾಗ ಅದಕ್ಕೂ ಪಟ್ಟಿಯ ಆಸರೆ ಬೇಕು.

ಗಿಡಗಳಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲ. ನಾಟಿ ಅವರೆಯನ್ನು ಇಲ್ಲಿ ಎಷ್ಟು ಬೇಗ ಹಾಕಿದರೂ ಬಳ್ಳಿ ಹಬ್ಬುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಹಗಲು ಕುಗ್ಗುವವರೆಗೆ ಕಾಯುತ್ತದೆ, ಹೂ ಬಿಡುವ ಹೊತ್ತಿಗೆ ಶರತ್ಕಾಲದ ಫ್ರಾಸ್ಟ್ ಬಾಗಿಲಲ್ಲಿರುತ್ತದೆ. ನಮ್ಮಲ್ಲಿ ಸೊಗಡವರೆ ಡಿಸೆಂಬರ್, ಜನವರಿಗೇ ಬರುವುದೂ ಇದರಿಂದಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆ–3, 4 ತಳಿಗಳನ್ನು ತೆಗೆದದ್ದು ಈ ಕಟ್ಟನ್ನು ಬಿಡಿಸಲೆಂದೇ. ನಾಟಿ ಅವರೆ ಪಂಚಾಂಗ ನೋಡುವ ಗಿಡ, ಟೊಮೆಟೊ ಬಿಸಿ ನೋಡುವ ಗಿಡ. ಇವೆರಡರಲ್ಲಿ ಯಾವುದು ಸರಿ ಎಂದು ಕೇಳುವುದರಲ್ಲೇ ಅರ್ಥವಿಲ್ಲವೇನೋ.

ಇಷ್ಟಾದರೂ ಪಟ್ಟಿಯ ವಾದದಲ್ಲಿ ನನ್ನನ್ನು ಚುಚ್ಚುತ್ತಿದ್ದದ್ದು ಬೇರೆಯೇ ಒಂದು. ಅದು ಚಳ್ಳಕೆರೆ ಸೀಮೆಯಿಂದ ಬಂದದ್ದು. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಅದೊಂದು. ಅಲ್ಲಿ ನಮ್ಮಪ್ಪ ಶೇಂಗಾ ಬಿತ್ತುತ್ತಿದ್ದರು. ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆ ನಕ್ಷತ್ರಗಳ ಎಣಿಕೆ ಬಾಯಲ್ಲೇ ಇರುತ್ತಿತ್ತು. ಆ ಎಣಿಕೆಯೂ ಪಟ್ಟಿಯೇ. ಅದೂ ಮೆಲ್ಲಗೆ ಜಾರುವ ಪಟ್ಟಿ: ಋತುಗಳಿಗೆ ಹೋಲಿಸಿದರೆ ನಕ್ಷತ್ರದ ತಾರೀಖು ಸುಮಾರು 72 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತದೆ, ಸಾವಿರ ವರ್ಷಕ್ಕೆ ಒಂದು ನಕ್ಷತ್ರದಷ್ಟೇ ಅಂತರ ಬೀಳುತ್ತದೆ. ಆದರೆ ಅಪ್ಪ ಆ ಎಣಿಕೆ ನೋಡಿ ಕೂರಿಗೆ ಹೂಡಿದವರಲ್ಲ. ನಕ್ಷತ್ರ ಬಂತೆಂದು ಹೊಲಕ್ಕೆ ಹೋಗುತ್ತಿದ್ದರು, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಗೆದು ನೋಡಿ ಹಿಂದಿರುಗುತ್ತಿದ್ದರು. ಬೀಜಕ್ಕೆ ಆಗಲೇ ಸಾಲ ಮಾಡಿ ಆಗಿರುತ್ತಿತ್ತು. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಇನ್ನೊಮ್ಮೆ ಬಿತ್ತಲು ಬೀಜವಿರಲಿಲ್ಲ. ಅಂಥವರಿಗೆ 'ಹತ್ತರಲ್ಲಿ ಒಂದು ಸಲ ಕೆಡುತ್ತದೆ' ಎಂದರೆ ಏನು ಹೇಳಿದಂತಾಯಿತು? ಉಳಿದ ಒಂಬತ್ತು ಸಲ ಅವರ ಕೈಯಲ್ಲಿಲ್ಲ. ವಿಮೆಯವನಿಗೆ ಸಾವಿರ ಹೊಲ ಒಟ್ಟಿಗೆ ಕಾಣುತ್ತವೆ, ಆದ್ದರಿಂದ ಸರಾಸರಿ ಅವನಿಗೆ ನಿಜ. ಒಂದೇ ಹೊಲ, ಒಂದೇ ಹಂಗಾಮು ಇರುವವನಿಗೆ ಆ ಸರಾಸರಿ ಬೇರೆಯವರ ಬದುಕಿನ ಸಂಗತಿ.

ಇದನ್ನು ಹೇಳಿದಾಗ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೃದುವಾಗಿ ಕೇಳಿದರು: ನಿಮ್ಮ ತಂದೆಯ ಬಗ್ಗೆ ನೀವು ಹೇಳಿದ್ದು ನಿಜ, ಆದರೆ ನಿಮ್ಮ ಬಗ್ಗೆ? ಇಲ್ಲಿ ಫ್ರಾಸ್ಟ್ ಬಿದ್ದರೆ ಮರುದಿನ ನರ್ಸರಿಯಲ್ಲಿ ಸಸಿ ಸಿಗುತ್ತದೆ. ಮುಂದಿನ ವರ್ಷವೂ ವಸಂತ ಬರುತ್ತದೆ. ನಿಮಗೆ ಸಾಲು ಇದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಟೊಮೆಟೊ, ಮೆಣಸಿನಕಾಯಿಗಳ ಮಟ್ಟಿಗೆ ನಾನು ವಿಮೆಯವನ ಪಕ್ಕದಲ್ಲೇ ನಿಂತಿದ್ದೇನೆ, ಅಪ್ಪನ ಪಕ್ಕದಲ್ಲಲ್ಲ.

ಉಳಿದಿರುವುದು ಬದನೆ. ಇಲ್ಲಿನ ನಮ್ಮವರ ಮನೆಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದ ಒಂದು ಹಸಿರು ಬದನೆ ತಳಿ ನನ್ನಲ್ಲಿದೆ. ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ. ಕೊಟ್ಟವರಲ್ಲಿ ಒಂದಿಬ್ಬರು ಊರಿಗೆ ಮರಳಿದ್ದಾರೆ. ಸಸಿಗಳು ಮಾರ್ಚ್‌ನಿಂದ ಕಿಟಕಿಯ ಬಳಿ ಬೆಳೆಯುತ್ತಿವೆ. ಬೇಗ ನೆಟ್ಟರೆ ತಣ್ಣನೆಯ ಮಣ್ಣು ಅವನ್ನು ಕುಗ್ಗಿಸುತ್ತದೆ. ಅದಕ್ಕೇ ಜೂನ್‌ವರೆಗೆ ಕಾಯಿರಿ, ಕಾಯುವುದರಲ್ಲಿ ನಷ್ಟವಿಲ್ಲ ಎನ್ನುತ್ತಾರೆ ಪಟ್ಟಿಯವರು. ಪಲ್ಯಕ್ಕಾದರೆ ಆ ಮಾತು ಸರಿ. ಬೀಜಕ್ಕೆ ಸರಿಯಲ್ಲ. ಬೀಜ ಬಲಿಯಬೇಕಾದರೆ ಕಾಯಿ ತಿನ್ನುವ ಹದ ದಾಟಿ ಎಷ್ಟೋ ವಾರ ಗಿಡದಲ್ಲೇ ಹಳದಿಗಟ್ಟಬೇಕು. ಈಗ ಕಾದ ಒಂದೊಂದು ವಾರವೂ ಅಕ್ಟೋಬರ್ ಕಡೆಯಿಂದ ಕಡಿದುಹೋಗುತ್ತದೆ. ಬೇಗ ಎಂಬುದಕ್ಕೂ ಬೆಲೆಯಿದೆ, ತಡ ಎಂಬುದಕ್ಕೂ ಇದೆ. ಪಟ್ಟಿಯಲ್ಲಿ ಒಂದೇ ಬದಿಯ ಬೆಲೆ ಬರೆದಿದೆ.

ಹಾಗಾದರೆ ಬೀಜದಲ್ಲಿ ಅರ್ಧವನ್ನು ಎತ್ತಿಟ್ಟುಬಿಡಿ ಎಂದರು ಹಿರಿಯರು. ಎತ್ತಿಟ್ಟಿದ್ದೇನೆ. ಆದರೆ ಅದರಿಂದ ವಾದ ಯಾರ ಕಡೆಗೆ ವಾಲಿತು ಎಂದು ನನಗೆ ಹೇಳಲಾಗುತ್ತಿಲ್ಲ. ಬೀಜ ಉಳಿಸಿಕೊಂಡಾಗ ನನಗೂ ಒಂದು ಸಣ್ಣ ಸಾಲು ಹುಟ್ಟಿತು, ಸರಾಸರಿ ನನಗೂ ಅನ್ವಯಿಸತೊಡಗಿತು ಎಂಬ ಲೆಕ್ಕದಲ್ಲಿ ಅವರು ಗೆದ್ದರು. ಆದರೆ ಎತ್ತಿಡಲು ಅರ್ಧವಿಲ್ಲದವರ ಮಾತು ಹಾಗೇ ಉಳಿಯಿತು. ಎತ್ತಿಟ್ಟದ್ದೂ ಎರಡು ಮೂರು ವರ್ಷ ಕಳೆದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತ ಹೋಗುತ್ತದೆ. ಕಿಟಕಿಯ ಬಳಿಯ ಸಸಿಗಳನ್ನು ಯಾವ ದಿನ ಹೊರಗೆ ನೆಡಬೇಕು ಎಂಬುದಕ್ಕಂತೂ ನಮ್ಮಿಬ್ಬರಲ್ಲಿ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.