ಫ್ಯೂಸು ಹೋದರೆ ತಪ್ಪು ಯಾರದು?



ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಗಳಲ್ಲಿ ಹಳೇ ಲಾರಿಗಳು ಹಗಲಿರುಳು ತಿರುಗುವದನ್ನು ನಾವೆಲ್ಲರೂ ಬಲ್ಲೆವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಹುಟ್ಟಿತು. ಆಮೇಲೆ ಪಾಂಡವಪುರದಲ್ಲಿಯೂ ಕೃಷ್ಣರಾಜಪೇಟೆ ತಾಲೂಕಿನ ಮಾಕವಳ್ಳಿಯಲ್ಲಿಯೂ ಕಾರ್ಖಾನೆಗಳು ಎದ್ದವು. ಶ್ರೀರಂಗಪಟ್ಟಣದ ನಾಲೆಬಯಲಿನ ಕಬ್ಬಾಗಲಿ ನಾಗಮಂಗಲದ ಕಡೆಯ ತೆಂಗಿನಕಾಯಿ ಹುಲ್ಲುಗಳಾಗಲಿ ಲಾರಿ ಇಲ್ಲದೆ ಸಾಗುವದಿಲ್ಲ. ಇಂಥಾ ಹಳೇ ಲಾರಿಗಳಲ್ಲಿ ಬಹಳವಾಗಿ ಕಾಣುವ ಒಂದು ಕೇಡು ಏನಂದರೆ, ಫ್ಯೂಸು ಮತ್ತೆ ಮತ್ತೆ ಸುಟ್ಟುಹೋಗುವದು. ಇದು ಯಂತ್ರದ ಮಾತು, ಇದರಲ್ಲಿ ನೀತಿಯ ವಿಚಾರವೇನಿದೆ ಎಂದು ಕೆಲವರು ಕೇಳಬಹುದು. ಇದೆಯೆಂದೇ ನಮ್ಮ ಅಭಿಪ್ರಾಯ. ಯಾಕಂದರೆ ಸುಟ್ಟ ಫ್ಯೂಸನ್ನು ಕೈಯಲ್ಲಿ ಹಿಡಿದ ಮನುಷ್ಯನು ಮುಂದೆ ಏನು ಮಾಡುವನೋ ಅದರ ಮೇಲೆ ಬೇರೆಯವರ ಪ್ರಾಣವು ನಿಂತಿರುವದು.

ಮೊದಲು ಫ್ಯೂಸು ಎಂಬದೇನೆಂದು ತಿಳಿಯೋಣ. ಬ್ಯಾಟರಿಯಿಂದ ವಿದ್ಯುತ್ತು ವಯರಿನ ಮೂಲಕ ಹೊರಟು, ದೀಪ ಹಾರ್ನು ವೈಪರು ಮುಂತಾದವುಗಳಲ್ಲಿ ತನ್ನ ಕೆಲಸವನ್ನು ಮಾಡಿ, ಚಾಸಿಯೆಂಬ ಕಬ್ಬಿಣದ ಚೌಕಟ್ಟಿನ ಮೂಲಕವೇ ಬ್ಯಾಟರಿಗೆ ಹಿಂದಿರುಗುವದು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗಳಿಗೆ ಉಣಿಸಿ ಕಡೆಗೆ ಹಳ್ಳವನ್ನು ಸೇರುವ ಹಾಗೆ ಇದು. ನಾಲೆಯ ಏರಿ ನಡುವೆ ಒಡೆದರೋ, ನೀರು ಒಂದು ಗದ್ದೆಯನ್ನೂ ನೆನೆಸದೆ ನೇರವಾಗಿ ಹಳ್ಳಕ್ಕೆ ನುಗ್ಗುವದು. ವಯರಿನ ಮೇಲಣ ಹೊದಿಕೆ ಸವೆದು ಒಳಗಿನ ತಾಮ್ರವು ಚಾಸಿಗೆ ತಾಕಿದಾಗಲೂ ಹೀಗೆಯೇ. ಇದಕ್ಕೆ ಷಾರ್ಟು ಅನ್ನುತ್ತಾರೆ. 24 ವೋಲ್ಟಿನ ಲಾರಿಯಲ್ಲಿ 70 ವ್ಯಾಟಿನ ಎರಡು ಮುಂದೀಪಗಳು ಉರಿಯುವದಕ್ಕೆ ಸುಮಾರು 6 ಆಂಪಿಯರ್ ಸಾಕು. ಷಾರ್ಟು ಆದಲ್ಲಿ ನೂರಾರು ಆಂಪಿಯರ್ ಒಂದೇ ಸಾರಿ ಹರಿದು ವಯರನ್ನು ಕೆಂಡದಂತೆ ಕಾಯಿಸಬಲ್ಲದು. ಹೀಗಾಗಬಾರದೆಂದು ದಾರಿಯಲ್ಲಿ ಒಂದು ತೆಳ್ಳನೆಯ ತುಂಡನ್ನು ಬೇಕೆಂದೇ ಇಟ್ಟಿದ್ದಾರೆ. ಹಳೇ ಪಿಂಗಾಣಿ ಫ್ಯೂಸುಗಳಲ್ಲಿ ಬಿಳಿಯದು 8 ಆಂಪಿಯರ್, ಕೆಂಪಿನದು 16, ನೀಲಿಯದು 25. ಮಿತಿ ಮೀರಿದ ಕೂಡಲೆ ಅದು ತಾನು ಕರಗಿ ಮಿಕ್ಕ ವಯರನ್ನು ಕಾಯುವದು. ಆದದರಿಂದ ಅದರ ಬಲಹೀನತೆಯೇ ಅದರ ಗುಣ.

ಇಂಥಾ ಫ್ಯೂಸು ಹೋದಾಗ ಅನೇಕರು ಮಾಡುವದೇನು? ಮೊದಲನೆಯ ಸಾರಿ ಹೊಸದನ್ನು ಹಾಕುವರು. ಎರಡನೆಯ ಸಾರಿ ಫ್ಯೂಸನ್ನು ಬೈಯುವರು. ಮೂರನೆಯ ಸಾರಿ ಎಂಟರ ಜಾಗದಲ್ಲಿ ಇಪ್ಪತ್ತೈದನ್ನು ತುರುಕುವರು. ಇಲ್ಲವೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನೋ ದಪ್ಪ ತಾಮ್ರದ ತಂತಿಯನ್ನೋ ಸುತ್ತಿಬಿಡುವರು. ವಯರು ಚಾಸಿಗೆ ತಾಕುವದು ಆಗೊಮ್ಮೆ ಈಗೊಮ್ಮೆ ಆಗಿರುವದರಿಂದ, ದೀಪವು ಉರಿಯುತ್ತದೆ, ಲಾರಿಯು ಹೊರಡುತ್ತದೆ, ಎಲ್ಲರಿಗೂ ಸಮಾಧಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ಇಲ್ಲಿ ಸರಿಯಾಗಿ ಒಪ್ಪುವದು. ಕೇಡು ಹೋಗಲಿಲ್ಲ, ಕೇಡನ್ನು ತಿಳಿಸುವವನ ಬಾಯಿ ಮಾತ್ರ ಕಟ್ಟಿತು. ಮುಂದಿನ ಸಾರಿ ಉರಿಯುವದು ವಯರು. ಅದರ ಮೇಲೆ ಹುಲ್ಲಿನ ಹೇರು ಇದೆ, ಒಳಗೆ ದಣಿದು ಮಲಗಿದ ಕ್ಲೀನರ್ ಹುಡುಗನಿದ್ದಾನೆ.

ಹಾಗಾದರೆ ಮಾಡತಕ್ಕದ್ದೇನು? ಹುಡುಕತಕ್ಕದ್ದು. ಒಳ್ಳೇ ಮೇಸ್ತ್ರಿಯು ಸ್ಪಾನರು ಹಿಡಿಯುವದಕ್ಕಿಂತ ಮುಂಚೆ ಡ್ರೈವರನ್ನು ವಿಚಾರಿಸುವನು: "ಅಣ್ಣಾ, ಫ್ಯೂಸು ಹೋಗೋದು ಯಾವಾಗ? ಬ್ರೇಕು ತುಳಿದಾಗಲೋ, ಮಳೆ ಬಂದಾಗಲೋ, ಭಾರ ಹೇರಿ ಗುಂಡಿಗೆ ಇಳಿದಾಗಲೋ?" ಸರಿಯಾದ ಉತ್ತರ ಬಂದರೆ ಅರ್ಧ ಕೆಲಸವು ಮುಗಿದ ಹಾಗೆಯೇ. ಆಮೇಲೆ ಆ ಫ್ಯೂಸಿಗೆ ಸೇರಿದ ಬಲ್ಬುಗಳನ್ನೆಲ್ಲಾ ಬಿಚ್ಚಿ, ಫ್ಯೂಸಿನ ಜಾಗದಲ್ಲಿ 24 ವೋಲ್ಟು 21 ವ್ಯಾಟಿನ ಒಂದು ಬಲ್ಬನ್ನು ಸೇರಿಸುವನು. ಷಾರ್ಟು ಇದ್ದರೆ ಈ ಬಲ್ಬು ಪೂರ್ಣವಾಗಿ ಉರಿಯುವದು. ಆದರೆ ಅದರೊಳಗಿಂದ 1 ಆಂಪಿಯರು ಕೂಡಾ ಹರಿಯದಾದ ಕಾರಣ ಯಾವ ವಯರೂ ಸುಡುವದಿಲ್ಲ. ಬಳಿಕ ನಡುವಣ ಒಂದು ಕೂಡಿಕೆಯನ್ನು ಬಿಚ್ಚುವನು. ಬಲ್ಬು ಆರಿತೋ, ಕೇಡು ಆ ಕೂಡಿಕೆಯ ಆಚೆಗಿದೆ, ಆರದಿದ್ದರೆ ಈಚೆಗಿದೆ. ಹೀಗೆ ಅರ್ಧ ಅರ್ಧವಾಗಿ ಕಡಿಮೆ ಮಾಡುತ್ತಾ, ವಯರುಗಳನ್ನು ಅಲ್ಲಾಡಿಸುತ್ತಾ, ಬಲ್ಬು ಮಿಣುಕುವದನ್ನು ನೋಡುತ್ತಾ ಹೋಗುವನು. ಚಾಸಿಯ ತೂತಿನ ಹರಿತವಾದ ಅಂಚು, ಸೈಲೆನ್ಸರಿನ ಕಾವಿಗೆ ಕರಗಿದ ಹೊದಿಕೆ, ತುಕ್ಕು ಹಿಡಿದ ಹಿಂದೀಪದ ಹೋಲ್ಡರು, ಇಲಿ ಕಡಿದ ತಾವು, ಬಾಡಿ ಕಟ್ಟಿದವರು ವಯರಿನ ಮೇಲೆಯೇ ಹೊಡೆದ ಸ್ಕ್ರೂ, ಇವುಗಳಲ್ಲಿ ಯಾವದಾದರೊಂದು ಕಡೆಗೆ ಸಿಕ್ಕುವದು. ಪರೀಕ್ಷಿಸುವದಕ್ಕಿಂತ ಮುಂಚೆ ಅವನು ಯಾವ ವಯರನ್ನೂ ಅಪರಾಧಿಯೆಂದು ಕತ್ತರಿಸುವದಿಲ್ಲವೆಂಬದನ್ನು ವಾಚಕರು ಗಮನಿಸಬೇಕು.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಮೊದಲನೆಯದು ಡ್ರೈವರದು. "ನಡುರಾತ್ರಿ, ನಾಗಮಂಗಲದ ದಾರಿ, ಲಾರಿಯ ತುಂಬಾ ಕಬ್ಬು; ಅದು ಒಣಗಿದಷ್ಟೂ ತೂಕ ಕಡಿಮೆ. ಒಂದು ರಾತ್ರಿಗೆ ದಪ್ಪ ತಂತಿ ಹಾಕಿದರೆ ಪಾಪವೋ?" ಈ ಕಷ್ಟವನ್ನು ನಾವು ಹಗುರವೆಂದು ಹೇಳುವದಿಲ್ಲ. ದೀಪವಿಲ್ಲದೆ ಹೋಗುವದೂ ಅಪಾಯವೇ, ಹಿಂದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲುವದೂ ಅಪಾಯವೇ. ಆದರೆ ಅವನಿಗೆ ಎರಡೇ ದಾರಿಗಳಿಲ್ಲ. ಕೆಟ್ಟ ಕವಲು ಯಾವದೆಂದು ತಿಳಿದರೆ ಅದನ್ನು ಮಾತ್ರ ಬಿಚ್ಚಿಟ್ಟು, ಮುಂದೀಪ ಹಿಂದೀಪ ಬ್ರೇಕಿನ ದೀಪಗಳು ನೆಟ್ಟಗಿದ್ದರೆ, ಮೊದಲಿನ ಅಳತೆಯ ಫ್ಯೂಸಿನಿಂದಲೇ ಮೆಲ್ಲಗೆ ಹೋಗಬಹುದು. ತಿಳಿಯದಿದ್ದರೆ ರಸ್ತೆಯಿಂದ ದೂರ ಇಳಿಸಿ ಬೆಳಗಿನ ತನಕ ಕಾಯಬಹುದು. ನಷ್ಟವಾದರೂ ಅದು ತೂಕದ ನಷ್ಟ. ಇದಲ್ಲದೆ, ಒಂದು ರಾತ್ರಿಗೆಂದು ಹಾಕಿದ ತಂತಿಯನ್ನು ಮರುದಿನ ತೆಗೆದವರು ಎಷ್ಟು ಮಂದಿ?

ಎರಡನೆಯದು ಮೇಸ್ತ್ರಿಯದು, ಇದೇ ಹೆಚ್ಚು ಭಾರವಾದದ್ದು. ಅವನು ಹೇಳುವದೇನಂದರೆ: "ನಾಲ್ಕು ಗಂಟೆ ಲಾರಿಯ ಕೆಳಗೆ ಮಲಗಿ ಹುಡುಕಿ ಒಂದು ಅಂಗುಲ ಟೇಪು ಸುತ್ತಿದರೆ, ಯಜಮಾನರು 'ಇಷ್ಟಕ್ಕೆ ಇಷ್ಟು ಕೂಲಿಯೋ' ಅನ್ನುತ್ತಾರೆ. ಐದು ನಿಮಿಷದಲ್ಲಿ ದಪ್ಪ ತಂತಿ ಹಾಕಿದರೆ 'ಜಾಣ' ಅನ್ನುತ್ತಾರೆ." ಈ ಮಾತು ನಿಜ. ಹುಡುಕುವ ಕೆಲಸವು ಕಣ್ಣಿಗೆ ಕಾಣುವದಿಲ್ಲ. ಟೇಪು ಮಾತ್ರ ಕಾಣುವದು. ಕಾಣುವದಕ್ಕೆ ಮಾತ್ರ ಕೂಲಿ ಕೊಡುವ ಯಜಮಾನನು ಮೇಸ್ತ್ರಿಗೆ ಮೋಸವನ್ನು ತಾನೇ ಕಲಿಸುತ್ತಾನೆ. ಆದದರಿಂದ ನಾಳೆ ಆ ಲಾರಿಯು ಉರಿದರೆ, ತಂತಿ ಸುತ್ತಿದ ಕೈಯೊಂದೇ ಅಪರಾಧಿಯೆಂದು ನಾವು ಹೇಳಲಾರೆವು. ಹುಡುಕುವದಕ್ಕೆ ಕೂಲಿ ಕೊಡಲೊಲ್ಲದ ಕೈಯೂ, ತಿಳಿದು ಸುಮ್ಮನಿದ್ದ ಬಾಯಿಯೂ ಅದರಲ್ಲಿ ಪಾಲುಳ್ಳವು. ಹಾಗೆಂದು ಮೇಸ್ತ್ರಿಯು ತಪ್ಪಿಸಿಕೊಳ್ಳುವಂತಿಲ್ಲ. ಅಪಾಯವನ್ನು ಬಲ್ಲವನು ಅವನೇ. ಕೂಲಿ ಸಾಲದಿದ್ದರೆ "ನಾನು ಮಾಡಲಾರೆನು" ಎಂದು ಹೇಳಬಹುದು. "ಸರಿಮಾಡಿದ್ದೇನೆ" ಎಂದು ಹೇಳಕೂಡದು.

ಕೇಡು ಸಿಕ್ಕಿದ ಮೇಲೂ ಒಂದು ಮಾತು ಉಳಿದಿದೆ. ಸವೆದ ತಾವಿಗೆ ಟೇಪು ಸುತ್ತಿ ಅಲ್ಲಿಗೇ ಬಿಟ್ಟರೆ, ಅದೇ ಹರಿತವಾದ ಅಂಚು ಟೇಪನ್ನೂ ಸವೆಸುವದು. ತೂತಿಗೆ ರಬ್ಬರಿನ ಬಳೆಯನ್ನು ಹಾಕಿ, ವಯರನ್ನು ಅಲ್ಲಾಡದಂತೆ ಕ್ಲಿಪ್ಪಿನಿಂದ ಬಿಗಿದು, ಮೊದಲಿನ ಅಳತೆಯ ಫ್ಯೂಸನ್ನೇ ತಿರಿಗಿ ಹಾಕಿದಾಗ ಕೆಲಸವು ಮುಗಿಯುವದು.

ನಮ್ಮ ಮನೆಗಳಲ್ಲಿಯೂ ಊರುಗಳಲ್ಲಿಯೂ ಇಂಥಾ ಫ್ಯೂಸುಗಳುಂಟು. ಸಂಘದ ಲೆಕ್ಕದಲ್ಲಿ ಹತ್ತು ರೂಪಾಯಿ ಸೇರುವದಿಲ್ಲವೆಂದು ಕೂಟದಲ್ಲಿ ಎದ್ದು ಹೇಳುವವನು. "ಅಪ್ಪಾ, ನೀನು ಕುಡಿದು ಬಂದರೆ ನನಗೆ ಭಯ" ಅನ್ನುವ ಮಗಳು. ಸಾಲದ ಮಾತೆತ್ತಿದರೆ ಅಳುವ ಹೆಂಡತಿ. ರಾತ್ರಿ ನಿದ್ರೆಗೊಡದ ನಮ್ಮ ಸ್ವಂತ ಮನಸ್ಸಾಕ್ಷಿ. ಇವು ಬಲಹೀನವಾದವುಗಳೇ, ಒಂದು ಗದರಿಕೆಗೆ ಸುಮ್ಮನಾಗುವವು. ಅವು ಸುಮ್ಮನಾದಾಗ ಮನೆಯಲ್ಲಿ ಸಮಾಧಾನವಾಯಿತೆಂದು ನಾವು ಎಣಿಸುತ್ತೇವೆ. ಪ್ರಿಯರೇ, ಅದು ದಪ್ಪ ತಂತಿಯ ಸಮಾಧಾನ. ಮುಂದೆ ಅಂಥಾ ಮಾತು ಕಿವಿಗೆ ಬಿದ್ದಾಗ, "ಇವರಿಗೇನು ಬಂತು" ಎಂದು ಕೇಳುವ ಬದಲು "ಎಲ್ಲಿ ತಾಕುತ್ತಿದೆ" ಎಂದು ಕೇಳೋಣ. ಹುಡುಕುವದಕ್ಕೆ ಹಿಡಿಯುವ ಹೊತ್ತನ್ನೂ ಅದರ ಕೂಲಿಯನ್ನೂ ಮನಸಾರೆ ಕೊಡೋಣ.