ವಾಹನಕ್ಕೊಂದು ನಾಮಧೇಯ

ಮಹಾನವಮಿಯ ಬೆಳಗ್ಗೆ ಮುಂಬಯಿಯ ಕನ್ನಡಿಗನು ತನ್ನ ವಾಹನವನ್ನು ತೊಳೆದು, ಚೆಂಡುಹೂವಿನ ಮಾಲೆ ತೊಡಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣನ್ನಿಟ್ಟು ಆಯುಧಪೂಜೆಯನ್ನು ಆಚರಿಸುತ್ತಾನೆ. ನೆರೆಯ ಮರಾಠಿ ಬಂಧುವಿನ ಪೂಜೆ ಮರುದಿನ ವಿಜಯದಶಮಿಗೆ. ಹೀಗಾಗಿ ಒಂದೇ ಬೀದಿಯಲ್ಲಿ ಎರಡು ದಿನ ಹಬ್ಬ. ಆ ವಾಹನಗಳ ಮೇಲಿನ ಬರೆಹವನ್ನು ಓದುತ್ತ ನಡೆದರೆ ಅದೇ ಒಂದು ನಾಮಾವಳಿ. ಒಂದರ ಮೇಲೆ 'ಶ್ರೀ ಮಂಜುನಾಥ ಪ್ರಸನ್ನ', ಇನ್ನೊಂದರ ಮೇಲೆ 'ಆಯೀಚಾ ಆಶೀರ್ವಾದ್', ಮತ್ತೊಂದರ ಮೇಲೆ ಮುದ್ದಿನ ಮಗಳ ಹೆಸರು. ಕಬ್ಬಿಣದ ಯಂತ್ರಕ್ಕೆ ಹೆಸರೇತಕ್ಕೆ? ಸರ್ಕಾರ ಕೊಟ್ಟ ನಂಬರು ಸಾಲದೆ?

ನಂಬರು ಒಡೆಯನಾರೆಂಬುದನ್ನು ತಿಳಿಸುತ್ತದೆ; ಹೆಸರಾದರೋ, ಆ ಒಡೆಯನು ಯಾರ ಆಶ್ರಯವನ್ನು ಬೇಡುತ್ತಾನೆಂಬುದನ್ನು.

ವಾಲ್ಮೀಕಿ ರಾಮಾಯಣದ ಪುಷ್ಪಕವನ್ನು ನೆನೆಯಬೇಕು. ವಿಶ್ವಕರ್ಮನು ಬ್ರಹ್ಮನಿಗಾಗಿ ನಿರ್ಮಿಸಿದ ಆ ವಿಮಾನವು ತಪಸ್ಸಿನ ಫಲವಾಗಿ ಕುಬೇರನಿಗೆ ದೊರೆಯಿತು. ರಾವಣನು ಅದನ್ನು ಅಪಹರಿಸಿದನು. ಬಂಗಾರದ ಕಂಬ, ಮಣಿಗಳ ಕೆಲಸ, ಮನೋವೇಗ ಎಲ್ಲವೂ ಉಂಟು, ಹೆಸರು ಮಾತ್ರ ಹೂವಿನದು. ಅಪಹರಿಸಿದವನ ಕೈಯಲ್ಲಿಯೂ ಅದು ಪುಷ್ಪಕವೇ. ಶ್ರೀರಾಮನು ಭರತನನ್ನು ಕೂಡಿಕೊಂಡ ಮೇಲೆ ಅದನ್ನು ಕುಬೇರನಲ್ಲಿಗೇ ಕಳುಹಿಸಿಬಿಟ್ಟನು.

ಕಥೆಯ ನೌಕೆಗಳ ಹೆಸರನ್ನು ನಿಜದ ನೌಕೆಗಳಿಗೆ ಇಡುವ ಆಸೆ ಇಂದಿನ ವಿಜ್ಞಾನಿಗಳಿಗೂ ಉಂಟು. ಅಮೆರಿಕದ ಮೊದಲ ಷಟಲ್‌ಗೆ 1976ರಲ್ಲಿ 'ಎಂಟರ್‌ಪ್ರೈಸ್' ಎಂಬ ಹೆಸರು ಬಂದದ್ದು 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಕಥೆಯ ಅಭಿಮಾನಿಗಳು ಬರೆದ ಪತ್ರಗಳಿಂದ. 2024ರಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಹೆಲಿಕಾಪ್ಟರ್‌ನಿಂದ ಬಿಡಲ್ಪಟ್ಟು ತಾನಾಗಿ ನೆಲಕ್ಕಿಳಿದ ಇಸ್ರೋದ ರೆಕ್ಕೆಯ ನೌಕೆಗೆ ಪುಷ್ಪಕವೆಂದೇ ಹೆಸರು. ಎಂಟರ್‌ಪ್ರೈಸ್ ಕಡೆಯವರೆಗೂ ಅಂತರಿಕ್ಷಕ್ಕೆ ಏರಲಿಲ್ಲ. ಹೆಸರು ಮಾತ್ರ ಏರಿತು!

ಪುರಿಯ ಜಗನ್ನಾಥನ ರಥ ನಂದಿಘೋಷ, ಬಲಭದ್ರನದು ತಾಲಧ್ವಜ, ಸುಭದ್ರೆಯದು ದರ್ಪದಲನ. ದರ್ಪವನ್ನು ತುಳಿಯುವುದು ಎಂದು ರಥಕ್ಕೆ ಹೆಸರಿಟ್ಟವರು ರಥವೇರಿದವನ ಮನಸ್ಸನ್ನು ಬಲ್ಲವರೇ ಸರಿ. ವರ್ಷವರ್ಷವೂ ಹೊಸ ಮರದಿಂದ ಈ ರಥಗಳನ್ನು ಕಟ್ಟುತ್ತಾರೆ, ಯಾತ್ರೆ ಮುಗಿದೊಡನೆ ಬಿಚ್ಚುತ್ತಾರೆ. ಮರ ಹೋಗುತ್ತದೆ, ಹೆಸರು ನಿಲ್ಲುತ್ತದೆ.

ಹಾಗಾದರೆ ಹೆಸರು ಕಾಯುವುದೆ? ಈ ಪ್ರಶ್ನೆಯನ್ನು ಮುಂಬಯಿಯವರು ಸುಲಭವಾಗಿ ದಾಟಿಹೋಗಲಾರರು. 1978ರ ಜನವರಿ 1ರ ರಾತ್ರಿ ಇಲ್ಲಿಂದಲೇ ಮೇಲೆದ್ದ 'ಎಂಪರರ್ ಅಶೋಕ' ವಿಮಾನವು ಬಾಂದ್ರಾದ ಕಡಲಿಗೆ ಬಿದ್ದು, ಅದರೊಳಗಿದ್ದ 213 ಮಂದಿಯೂ ಅಸುನೀಗಿದರು. ಶೋಕವಿಲ್ಲದವನೆಂದು ಅರ್ಥವುಳ್ಳ ಹೆಸರು ಎಷ್ಟೋ ಮನೆಗಳಿಗೆ ಶೋಕವನ್ನು ತಂದಿತು. ಅಂಥ ಮನೆಯವರ ಮುಂದೆ ನಾಮಮಹಿಮೆಯನ್ನು ಹೊಗಳುವುದು ನಿರ್ದಯವಾದೀತು. ಹೆಸರು ವಿಮೆಯ ಪತ್ರವಲ್ಲ. ತಾಯಿಯ ಆಶೀರ್ವಾದವೆಂದು ಬರೆಯಿಸಿ ಕೆಂಪು ದೀಪವನ್ನು ಹಾರಿಸಿಕೊಂಡು ಹೋಗುವವನು, ಆ ತಾಯಿಯನ್ನು ತನ್ನ ಅಪರಾಧಕ್ಕೆ ಸಾಕ್ಷಿಯನ್ನಾಗಿ ಕರೆದೊಯ್ಯುತ್ತಾನೆ, ಅಷ್ಟೆ.

ವ್ಯಾಸರು ಶಲ್ಯಪರ್ವದಲ್ಲಿ ಈ ಮಾತನ್ನು ಬೇರೆ ಬಗೆಯಲ್ಲಿ ಕಾಣಿಸಿದ್ದಾರೆ. ಅರ್ಜುನನ ರಥಕ್ಕೆ ಕಪಿಧ್ವಜವೆಂಬ ಹೆಸರು ಬಂದದ್ದು ಪತಾಕೆಯ ಮೇಲಿನ ವಾನರನಿಂದ, ಏರಿದ ವೀರನಿಂದಲ್ಲ. ದುರ್ಯೋಧನನು ಬಿದ್ದ ಮೇಲೆ ಪಾಂಡವರು ಕೌರವರ ಪಾಳೆಯಕ್ಕೆ ಬಂದಾಗ, ಗಾಂಡೀವವನ್ನೂ ಬತ್ತಳಿಕೆಗಳನ್ನೂ ತೆಗೆದುಕೊಂಡು ಮೊದಲು ಇಳಿಯುವಂತೆ ಕೃಷ್ಣನು ಅರ್ಜುನನಿಗೆ ಹೇಳಿದನು. ಅರ್ಜುನನು ಇಳಿದನು. ಅನಂತರ ಕೃಷ್ಣನು ಕಡಿವಾಣವನ್ನು ಬಿಟ್ಟು ಇಳಿದನು. ಧ್ವಜದ ವಾನರನು ಅದೃಶ್ಯನಾದನು. ಯಾರೂ ಬೆಂಕಿಯಿಡದೆಯೇ ರಥವು ಕುದುರೆ, ನೊಗಗಳೊಡನೆ ಉರಿದು ಬೂದಿಯಾಯಿತು. ಬೆರಗಾದ ಅರ್ಜುನನು ಕಾರಣವನ್ನು ಕೇಳಿದನು. ದ್ರೋಣ ಕರ್ಣರ ಅಸ್ತ್ರಗಳಿಂದ ರಥವು ಎಂದೋ ಸುಟ್ಟುಹೋಗಿತ್ತು, ತಾನು ಕುಳಿತಿದ್ದುದರಿಂದ ನಿಂತಿತ್ತು ಎಂದು ಕೃಷ್ಣನು ಹೇಳಿದನು.